ಕೇಬಲ್ ಚುಚ್ಚಿದ ಜಾಗ

ಸೈಮಿ ಮಗಳೇ,

ಇದನ್ನು ಕಳಿಸುವುದಿಲ್ಲ. ನನ್ನ ಹೆಸರು ಕಂಡರೆ ಸಾಕು, ಓದದೇ ಅಳಿಸುತ್ತೀಯಂತೆ. ನಿನ್ನಮ್ಮ ನಿಮ್ಮ ಟುರ್ಕು ಊರಿನಿಂದ ಫೋನ್ ಮಾಡಿ ಹೇಳಿದಳು. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ನಿನ್ನ ಜೊತೆ ಆನ್‌ಲೈನ್ ಆಟ ಆಡಲೆಂದೇ ಹಳೇ ಬಿಡಿಭಾಗ ಕೂಡಿಸಿ ಕಟ್ಟಿದ ಕಂಪ್ಯೂಟರ್ ಇದೆಯಲ್ಲ, ಅದಕ್ಕೆ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೂ ಚಿತ್ರ ನಿಂತು ನಿಂತು ಬರುತ್ತಿತ್ತು. ಕೊನೆಯ ಆಟದಲ್ಲಿ ನಾನು ಹಾಗೇ ಅಲ್ಲಾಡದೆ ನಿಂತುಬಿಟ್ಟೆ, ಎದುರಾಳಿಗಳು ನಿನ್ನನ್ನು ಹೊಡೆದು ಹಾಕಿದರು.

"ಮನೆ ಬಿಟ್ಟು ಹೋದ ಹಾಗೆ ಇಲ್ಲೂ ಬಿಟ್ಟು ಹೋದೆ ಅಲ್ವಾ ಅಪ್ಪಾ?" ಅಂದೆ. ನೀನು ಆಟದಿಂದ ಹೊರಬಿದ್ದೆ, ಮತ್ತೆ ಬರಲಿಲ್ಲ.

ಇವತ್ತು ಪಕ್ಕದ ಮನೆಯ ರೌನೊ ಸೌನಾದ ಹಬೆಸ್ನಾನ ಮುಗಿಸಿ ಕಾಫಿಗೆ ಬಂದವನು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ ಬಿದ್ದು ಬಿದ್ದು ನಕ್ಕ.

"ಥೂ ನಿನ್ನ! ಪರದೆ ಕೇಬಲ್ಲು ಈ ಕಾರ್ಡಿಗೆ ಹಾಕೋದು ಬಿಟ್ಟು ಮದರ್‌ಬೋರ್ಡಿಗೇ ಹಾಕಿದ್ದೀಯಲ್ಲೋ! ಪಾಪ, ಕಾರ್ಡು ಇಷ್ಟು ದಿನ ಸುಮ್ನೆ ಕೂತಿದೆ."

ಕಿತ್ತು ಸರಿಯಾದ ಕಡೆ ಚುಚ್ಚಿದ. ಚಿತ್ರ ನೀರಿನ ಹಾಗೆ ಓಡಿತು.

ನಾನು ಬಿಟ್ಟು ಹೋಗಿರಲಿಲ್ಲ, ತಪ್ಪು ಕೇಬಲ್ಲಿನದು ಎಂದು ಬರೆಯಲು ಓಡಿ ಬಂದು ಕೂತೆ. ಆಟಕ್ಕೇನೋ ಕೇಬಲ್ ತೋರಿಸಿಬಿಡಬಹುದು. ಆಮೇಲೆ ನೀನು ಮನೆಯ ಮಾತೆತ್ತಿದರೆ ಏನನ್ನು ತೋರಿಸಲಿ, ಮಗಳೇ?