ಶ್ರೀವತ್ಸನಿಗೆ ಮೊದಲ ಪ್ರಶ್ನೆ

ಆಗಸ್ಟ್ 30, ಶನಿವಾರ. ಓಕ್ ಬ್ರೂಕ್, ಅಮೆರಿಕ

ನಾನು ರಜೆಗೆ ಮನೆಗೆ ಬಂದಿದ್ದೇನೆ. ಬುಧವಾರದ ಗಣಪತಿಯನ್ನು ವೀಕೆಂಡಿಗೆ ಕೂರಿಸಿದ ಅಮ್ಮ ಶ್ರೀವತ್ಸನನ್ನೂ ಕರೆದಿದ್ದಳು. ಮಾಸ್ಟರ್ಸ್‌ನಲ್ಲಿ ನನ್ನ ಸೀನಿಯರ್. ನನ್ನ ಅಲ್ಗಾರಿದಮನ್ನು ತನ್ನ ಹೆಸರಿನಲ್ಲಿ ಪೇಪರ್ ಮಾಡಿಕೊಂಡವನು. ಕೇಳಿದ್ದಕ್ಕೆ, "ನಿಂಗ್ಯಾಕೆ ಪೇಪರು, ಹೇಗೂ ಮದುವೆಯಾಗಿ ಹೋಗ್ತೀಯ" ಎಂದಿದ್ದ.

ಹೋದೆ. ಜರ್ಮನಿಗೆ, ಸಂಬಳದ ಪಿಎಚ್‌ಡಿಗೆ.

ಇವತ್ತು ಕಡುಬು ತಿನ್ನುತ್ತಾ ಹತ್ತಿರ ಬಂದ. "ನಿಮ್ಮ ರಿಸರ್ಚ್ ಗ್ರೂಪಲ್ಲೇ ಪೋಸ್ಟ್‌ಡಾಕ್‌ಗೆ ಅಪ್ಲೈ ಮಾಡಿದೀನಿ ಕಣೇ. ಆ ಪೇಪರ್ ನೋಡಿ ಇಂಟರ್‌ವ್ಯೂಗೆ ಕರೆದಿದಾರೆ. ಪ್ರೊಫೆಸರ್‌ಗೆ ಒಂದು ಮಾತು ಹೇಳು."

"ಹೇಳ್ತೀನಿ" ಎಂದು ಇನ್ನೊಂದು ಕಡುಬು ಬಡಿಸಿದೆ.

ನಮ್ಮಲ್ಲಿ ಪ್ರೊಫೆಸರ್ ಒಬ್ಬರೇ ಆರಿಸುವುದಿಲ್ಲ, ಗ್ರೂಪಿನವರೆಲ್ಲ ಕೂತು ಪ್ರಶ್ನೆ ಕೇಳುತ್ತೇವೆ. ಪಾಪ, ಅವನಿಗೆ ಗೊತ್ತಿಲ್ಲ. ಮೊದಲ ಪ್ರಶ್ನೆ ನನ್ನದೇ: ಆ ಅಲ್ಗಾರಿದಮನ್ನು ಸಾಲು ಸಾಲಾಗಿ ವಿವರಿಸು ಮಾರಾಯ.

ಅದರಲ್ಲೊಂದು ತಪ್ಪಿದೆ. ಅವನು ಕದ್ದ ಮೇಲೆ ನನಗೆ ಕಂಡಿತು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.