ಅಕ್ಕನ ಮಸುಕು ಚುಕ್ಕೆ

ಗುರುಗಳಿಗೆ ನಮಸ್ಕಾರ.

ನಾನು ನಿಮ್ಮ ವಿದ್ಯಾರ್ಥಿನಿಯ ತಂಗಿ. ಅಕ್ಕನ ಫೋನು ಈಗ ನನ್ನ ಹತ್ತಿರ ಇದೆ. ಅವಳು ಕೇಳಿದ್ದ ಚಿತ್ರವನ್ನು ಬಾಹ್ಯಾಕಾಶದ ದೂರದರ್ಶಕ ತೆಗೆದಿದೆ ಎಂದು ನಿನ್ನೆ ಸಂದೇಶ ಬಂತು. ಇಂಗ್ಲಿಷಿನಲ್ಲಿತ್ತು, ಪಕ್ಕದ ಮನೆಯವರಿಂದ ಓದಿಸಿದೆ. ಅವಳು ತೀರಿಕೊಂಡ ವಿಷಯ ಸಂದೇಶ ಕಳಿಸಿದವರಿಗೆ ತಿಳಿದಿಲ್ಲ. ಅಭಿನಂದನೆ ಎಂದು ಬರೆದಿದ್ದಾರೆ.

ನಾನು ಪ್ರಾಥಮಿಕ ಶಾಲೆಯ ಆಚೆ ಓದಿದವಳಲ್ಲ. ಅಕ್ಕ ಹೇಳಿದಷ್ಟೇ ಗೊತ್ತು. ಹಳೆಯ ಚಿತ್ರದ ಮೂಲೆಯಲ್ಲಿ ಒಂದು ಮಸುಕು ಚುಕ್ಕೆ ಇತ್ತು. ಅದು ಜಗತ್ತು ಎಳೆಯದಾಗಿದ್ದಾಗಿನ ಗ್ಯಾಲಕ್ಸಿ, ಅಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಅವಳು ನಂಬಿದ್ದಳು. ಬರೀ ಕ್ಯಾಮೆರಾದ ಕಲೆ ಇರಬಹುದು ಎಂದು ನೀವು ಹೇಳಿದ್ದಿರಂತೆ. ಅದನ್ನು ತಿಳಿಯಲೆಂದೇ ಅದೇ ಜಾಗದ ಹೊಸ ಚಿತ್ರ ಕೇಳಿದ್ದಳು. ಅಮ್ಮ ಧೂಳೆಂದುಕೊಂಡು ಲ್ಯಾಪ್‌ಟಾಪನ್ನೇ ಒರೆಸಿದ್ದರು.

"ಇಷ್ಟು ಮಸುಕಾಗಿರೋದನ್ನ ಯಾಕೆ ನೋಡ್ತೀಯೇ? ಚೆನ್ನಾಗಿ ಕಾಣೋದು ಒಂದೂ ಸಿಗಲಿಲ್ವಾ?" ಎಂದು ಕೇಳಿದ್ದರು.

"ಚೆನ್ನಾಗಿ ಕಾಣೋದನ್ನ ನೋಡೋಕೆ ಊರೆಲ್ಲ ಇದೆ, ಬಿಡಮ್ಮ" ಎಂದು ಅಕ್ಕ ನಕ್ಕಿದ್ದಳು.

ಆಸ್ಪತ್ರೆಯಲ್ಲಿ ನಾನು ಒಳಗೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ, "ಚಿತ್ರ ಬಂತೇನೇ?" ಈಗ ಅಮ್ಮ ಅದನ್ನೇ ಕೇಳುತ್ತಾರೆ. ಬಂದಿದೆ ಎಂದು ಇನ್ನೂ ಹೇಳಿಲ್ಲ.

ಒಂದು ವರ್ಷದವರೆಗೆ ಅವಳ ತಂಡದವರ ಹೊರತು ಬೇರೆ ಯಾರೂ ಆ ಚಿತ್ರ ತೆರೆಯುವಂತಿಲ್ಲವಂತೆ. ತಂಡದಲ್ಲಿ ಉಳಿದಿರುವವರು ನೀವೊಬ್ಬರೇ. ಕೆಲಸ ಬಹಳ ಇರುತ್ತದೆ, ಗೊತ್ತು. ಬಿಡುವಾದಾಗ ಹೊಸ ಚಿತ್ರದಲ್ಲಿ ಆ ಚುಕ್ಕೆಯ ಜಾಗವನ್ನೊಮ್ಮೆ ನೋಡಿ.

ಚುಕ್ಕೆ ಇದ್ದರೆ ಅಮ್ಮನ ಹೆಸರಿಗೆ ಕಾಗದ ಹಾಕಿ. ಇಲ್ಲದಿದ್ದರೆ ನನ್ನ ಹೆಸರಿಗೆ ಹಾಕಿ. ಅಮ್ಮನಿಗೆ ಏನು ಹೇಳಬೇಕೆಂದು ನಾನು ಯೋಚಿಸಿಕೊಳ್ಳುತ್ತೇನೆ.

ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ,
ಅವಳ ತಂಗಿ