ಹಾಡಿನ ನಡುವಿನ ಮಾತು

ಅವ್ವಾ,

ಬರುವ ಸೋಮವಾರಕ್ಕೆ ನೀನು ತೀರಿಹೋಗಿ ವರ್ಷವಾಗುತ್ತದೆ. ನಾನು ಗುಂತಕಲ್ಲಿನಲ್ಲಿ ಕೆಲಸಕ್ಕಿದ್ದಾಗ ನೀನು ಫೋನಿಗೆ ಕಳಿಸುತ್ತಿದ್ದ ಬೀಸುವ ಹಾಡುಗಳನ್ನು ಆ ಸೋಮವಾರ ಅಪ್ಪನ ಹಳೆಯ ಸ್ಪೀಕರಿನಲ್ಲಿ ಹಾಕಬೇಕೆಂದು ಇವತ್ತು ಆದೋನಿಯ ಅಂಗಡಿಗೆ ಹೋಗಿದ್ದೆ.

ಅಂಗಡಿಯ ಮರಿಬಸಪ್ಪಣ್ಣ, "ಇಂಟರ್ನೆಟ್ಟಿನ ಹಾಡಿಗಾದ್ರ ಸ್ಟ್ರೀಮರ್ ಬೇಕು. ನಿನ್ನ ಹಾಡು ಫೋನಿನಾಗ ಅದಾವಲ್ಲ, ಡ್ಯಾಕ್ ಅನ್ನೋ ಸಣ್ಣ ಡಬ್ಬಿ ಒಂದ ಸಾಕು. ಫೋನಿನಾಗಿಂದು ಚಲೋ ಧ್ವನಿ ಮಾಡಿ ಸ್ಪೀಕರಿನ ಆಂಪ್ಲಿಫೈಯರಿಗೆ ಕೊಡ್ತೈತಿ" ಎಂದರು.

ಎರಡು ಡ್ಯಾಕ್‌ಗಳನ್ನು ಒಂದಾದ ಮೇಲೊಂದು ನನ್ನ ಫೋನಿಗೆ ಜೋಡಿಸಿ ನಿನ್ನ ಹಾಡೊಂದನ್ನು ಹಾಕಿ ತೋರಿಸಿದರು. ಮೊದಲನೆಯದರಲ್ಲಿ ಹಾಡಿನ ಜೊತೆ ಗುಂಯ್ ಎನ್ನುವ ಸದ್ದಿತ್ತು. ಎರಡನೆಯದರಲ್ಲಿ ಅದಿರಲಿಲ್ಲ. ನೀನು ಹಾಡು ನಿಲ್ಲಿಸಿ ಉಸಿರು ತೆಗೆದುಕೊಂಡಲ್ಲಿ, ನನ್ನ ಫೋನಿನಲ್ಲಿ ಯಾವತ್ತೂ ಕೇಳಿಸದ ಅಕ್ಕನ ದನಿ ದೂರದಿಂದ ಬಂತು.

"ಸಾಕು ಬಿಡವ್ವಾ, ದಮ್ಮು ಕಟ್ಟಾಕತ್ತೈತಿ."

"ಸುಮ್ನಿರೇ. ತಮ್ಮ ಹಾಡು ಕೇಳ್ಯಾನ. ದಮ್ಮಿನ ಮಾತು ಅವನ ಮುಂದ ಎತ್ತಬ್ಯಾಡ" ಎಂದು ಪಿಸುಗುಟ್ಟಿದೆ ನೀನು; ಅದೂ ನನಗೆ ಆಗ ಕೇಳಿಸಿರಲಿಲ್ಲ. ಆಮೇಲೆ ಮತ್ತೆ ಹಾಡಿದೆ.

ನಾನು ತಲೆ ತಗ್ಗಿಸಿ ನಿಂತೆ. ಮರಿಬಸಪ್ಪಣ್ಣ ಹಾಡು ನಿಲ್ಲಿಸಿ, "ನಡುವ ಮಾತು ಬಂದಾವಲ್ಲೋ, ಕತ್ತರಿಸಿ ಕೊಡ್ಲೇನು?" ಎಂದು ಕೇಳಿದರು.

"ಬ್ಯಾಡ್ರಿ" ಎಂದೆ.

ಎರಡನೆಯ ಡ್ಯಾಕನ್ನೇ ತಂದಿದ್ದೇನೆ. ಆ ಹಾಡು ಬಂದ ದಿನ, ಕೇಳಿ ಮುಗಿಸಿ, "ಇನ್ನೊಂದು ಕಳಿಸವ್ವಾ" ಎಂದಿದ್ದೆ. ಸ್ವಲ್ಪ ಹೊತ್ತಿಗೆ ನೀನು ಕಳಿಸಿದೆ. ಅದೂ ಫೋನಿನಲ್ಲಿದೆ. ಎಲ್ಲ ಜೋಡಿಸಿ ಸ್ಪೀಕರಿನ ಮುಂದೆ ಕೂತಿದ್ದೇನೆ. ಅದನ್ನು ಹಾಕಲು ಕೈ ಬರುತ್ತಿಲ್ಲ, ಅವ್ವಾ.

ನಿನ್ನ ವಾಗೀಶ